ಶುಲ್ಕ ಮನ್ನಾ ಆದರೆ ಸಾಕೇ? ರಿಂಕ್‌ನಲ್ಲಿ ಜಾಗವೂ ಬೇಕು

2021ರಲ್ಲಿ ಹುಬ್ಬಳ್ಳಿಯ ಬಾಲಕಿ ಓಜಲ್ ನಲವಡಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರೋಲರ್ ಸ್ಕೇಟ್ ಮೇಲೆ 400 ಮೀಟರ್ ದೂರವನ್ನು 51.25 ಸೆಕೆಂಡುಗಳಲ್ಲಿ ಕ್ರಮಿಸಿ ಗಿನ್ನೆಸ್ ದಾಖಲೆ ಮಾಡಿದಳು. ಆ ಸಾಧನೆಯನ್ನು ನಾವೂ ಮೆಚ್ಚುತ್ತೇವೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಹುಟ್ಟಿನಿಂದಲೇ ಕಣ್ಣು ಕಾಣದ, ಕಿವಿ ಕೇಳದ ಅಥವಾ ಬುದ್ಧಿ ಬೆಳವಣಿಗೆ ನಿಧಾನವಾದ ಮಗುವೊಂದು ಸ್ಕೇಟ್ ಹಿಡಿದು ಬಂದರೆ ಅವಳಿ ನಗರದ ರಿಂಕ್‌ನಲ್ಲಿ ಅದಕ್ಕೆ ಜಾಗವಿದೆಯೇ?

ಫಿಗರ್ ಸ್ಕೇಟಿಂಗ್ ಎಂದೊಡನೆ ಮಂಜುಗಡ್ಡೆಯ ಮೇಲೆ ಸಂಗೀತಕ್ಕೆ ಕುಣಿಯುವವರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಅಂತಹ ಮಂಜಿನ ರಿಂಕ್ ಇಲ್ಲ. ನಮ್ಮ ಮಕ್ಕಳು ಗಾಲಿಯ ಮೇಲೆ ಕಲಿಯುತ್ತಾರೆ. ಗಾಲಿಯ ಮೇಲೂ ಫಿಗರ್ ಸ್ಕೇಟಿಂಗ್ ಉಂಟು, ವೇಗದ ಓಟವೂ ಉಂಟು. ಕ್ಲಬ್ಬಿನ ಶಿಸ್ತು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಕರಾವಳಿಯಿಂದ ಘಟ್ಟ ಹತ್ತಿ ಉದ್ಯೋಗಕ್ಕೆಂದು ಅಲ್ಲಿ ನೆಲೆಸಿದ ನಮ್ಮವರ ಕುಟುಂಬಗಳು ಹಲವು. ಅಂತಹ ಮನೆಯ ತಾಯಿಯೊಬ್ಬರು ತಮ್ಮ ಡೌನ್ ಸಿಂಡ್ರೋಮ್ ಇರುವ ಮಗನನ್ನು ಒಂದು ತರಬೇತಿ ಶಿಬಿರಕ್ಕೆ ಸೇರಿಸಿದ್ದರು. ಕೋಚ್ ಉದಾರಿ, ಶುಲ್ಕ ಬೇಡವೆಂದರು. ಮೂರನೆಯ ವಾರ ಅವರೇ ಸಂಕೋಚದಿಂದ, "ಅಕ್ಕಾರ, ನಿಮ್ಮ ಹುಡುಗ ಬ್ಯಾಡ ಅಂತ ನಾ ಅನ್ನಂಗಿಲ್ರೀ. ಆದ್ರ ಉಳದ ಮಕ್ಕಳ ಮನ್ಯಾವ್ರು ತಕರಾರು ತಗೀತಾರ್ರೀ" ಎಂದರಂತೆ. ಹುಡುಗ ಬಿದ್ದರೆ ಬೇಗ ಏಳುವುದಿಲ್ಲ, ದಾರಿಗೆ ಅಡ್ಡ ನಿಲ್ಲುತ್ತಾನೆ ಎಂಬುದೇ ದೂರು. ಮರುದಿನದಿಂದ ಅವನು ಹೋಗಲಿಲ್ಲ. ಸ್ಕೇಟ್ ಇನ್ನೂ ಮಂಚದ ಕೆಳಗಿದೆ.

ಈ ಪ್ರಸಂಗದಲ್ಲಿ ಕೆಟ್ಟವರು ಯಾರೂ ಇಲ್ಲ. ಗಾಲಿಯ ಮೇಲೆ ವೇಗವಾಗಿ ಬರುವ ಮಗು ನಿಂತವನಿಗೆ ಡಿಕ್ಕಿ ಹೊಡೆದರೆ ಇಬ್ಬರಿಗೂ ಪೆಟ್ಟಾಗುತ್ತದೆ. ಸ್ಪರ್ಧೆಗೆ ಸಿದ್ಧರಾಗುವ ಮಕ್ಕಳ ಪಾಲಕರ ಆತಂಕವನ್ನು ಸ್ವಾರ್ಥವೆಂದು ತಳ್ಳಿಹಾಕಲಾಗದು. ಕೊರತೆ ಇದ್ದುದು ವ್ಯವಸ್ಥೆಯಲ್ಲಿ. ಶುಲ್ಕ ಮನ್ನಾ ಆ ಹುಡುಗನನ್ನು ಗೇಟಿನವರೆಗೆ ತಂದಿತು. ಒಳಗೆ ಅವನನ್ನು ಉಳಿಸಿಕೊಳ್ಳುವ ನಿಯಮ ಅಲ್ಲಿರಲಿಲ್ಲ.

ರಿಂಕ್‌ನ ಶಿಷ್ಟಾಚಾರ ಸರಳವಾದುದು. ಎಲ್ಲರೂ ಒಂದೇ ದಿಕ್ಕಿನಲ್ಲಿ ಸಾಗಬೇಕು, ಬಿದ್ದವರು ಬೇಗ ಏಳಬೇಕು, ನಡುವೆ ನಿಂತು ಹರಟಬಾರದು, ಪಾಲಕರು ಹೊರಗಿನಿಂದ ಕೂಗಿ ಪಾಠ ಹೇಳಬಾರದು. ಫಿಗರ್ ಸ್ಕೇಟಿಂಗ್ ಕ್ಲಬ್ಬುಗಳಲ್ಲಿ ಇನ್ನೊಂದು ಪದ್ಧತಿ ಇದೆ: ಯಾರ ಸಂಗೀತ ನುಡಿಯುತ್ತಿದೆಯೋ ಅವರಿಗೆ ಉಳಿದವರು ದಾರಿ ಬಿಡಬೇಕು. ಅವರನ್ನು ಗುರುತಿಸಲು ಬಣ್ಣದ ಪಟ್ಟಿ ತೊಡಿಸುವುದೂ ಉಂಟು. ಆದರೆ ಈ ನಿಯಮಗಳೆಲ್ಲ ಎಲ್ಲರಿಗೂ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಹೇಳಿದ್ದು ತಕ್ಷಣ ತಿಳಿಯುತ್ತದೆ ಎಂಬ ಎಣಿಕೆಯ ಮೇಲೆ ನಿಂತಿವೆ. ಹಿಂದಿನಿಂದ ಕೂಗಿದರೆ ಕಿವುಡ ಮಗುವಿಗೆ ಕೇಳಿಸದು. ಆಟಿಸಂ ಇರುವ ಮಗುವಿಗೆ ಜೋರು ಸಂಗೀತವೇ ಹಿಂಸೆಯಾಗಬಹುದು.

ಪರಿಹಾರವೂ ಆ ಪದ್ಧತಿಯಲ್ಲೇ ಅಡಗಿದೆ. ಸಂಗೀತದ ಸರದಿಯವರಿಗೆ ದಾರಿ ಬಿಡಲು ಕಲಿತ ಮಕ್ಕಳು ಬಣ್ಣದ ಅಂಗಿ ತೊಟ್ಟ ಗೆಳೆಯನಿಗೂ ದಾರಿ ಬಿಡಲು ಕಲಿಯಬಲ್ಲರು. ನಿಯಮಗಳನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಹಾಕಬಹುದು. ದಿನವೂ ಒಂದೇ ಮೂಲೆ, ಒಂದೇ ದಾರಿ ಗೊತ್ತುಮಾಡಬಹುದು. ಹೇಳದೆ ಹಿಂದಿನಿಂದ ಕೈ ಹಿಡಿದು ಎಳೆಯಬಾರದೆಂದು ಎಲ್ಲರಿಗೂ ತಿಳಿಸಬಹುದು. ಜನ ಕಡಿಮೆ ಇರುವ ಹೊತ್ತಿನಲ್ಲಿ ಇವರ ಪಾಠ ಆರಂಭಿಸಿ, ಕಾಲು ಗಟ್ಟಿಯಾದ ಮೇಲೆ ಎಲ್ಲರೊಡನೆ ಸೇರಿಸಬಹುದು.

ಇನ್ನು ಸಹಾಯಧನದ ಮಾತು. ಇಂತಹ ಮಗುವಿಗೆ ಗುಂಪಿನ ಪಾಠದ ಶುಲ್ಕ ಬಿಟ್ಟರೆ ಸಾಲದು. ಅದಕ್ಕೆ ಬೇಕಾದುದು ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠ, ಪಕ್ಕದಲ್ಲಿ ಒಬ್ಬ ಸಹಾಯಕ, ಪಾದಕ್ಕೆ ಹೊಂದುವ ಸ್ಕೇಟ್, ಹೆಲ್ಮೆಟ್. ಸಹಾಯಧನ ಇವುಗಳಿಗೆ ಮೀಸಲಾಗಬೇಕು. ಅದು ಕೋಚ್ ಒಬ್ಬರ ಕರುಣೆಯಾಗಿ ಉಳಿಯದೆ ಕ್ಲಬ್ಬಿನ ಲಿಖಿತ ನಿಯಮವಾಗಬೇಕು. ಕರುಣೆಯಿಂದ ಸಿಕ್ಕಿದ್ದನ್ನು ಕಳೆದುಕೊಂಡಾಗ ಕೇಳುವ ಧೈರ್ಯ ಯಾವ ತಾಯಿಗೂ ಬರುವುದಿಲ್ಲ.

ಇದು ಕನಸಿನ ಮಾತಲ್ಲ. ಯೂನಿಸ್ ಕೆನಡಿ ಶ್ರೈವರ್ 1968ರಲ್ಲಿ ಶಿಕಾಗೋದಲ್ಲಿ ಆರಂಭಿಸಿದ ಸ್ಪೆಷಲ್ ಒಲಿಂಪಿಕ್ಸ್ ಬೌದ್ಧಿಕ ವಿಕಲತೆಯುಳ್ಳವರಿಗಾಗಿಯೇ ಇದೆ. ಅಲ್ಲಿ ಫಿಗರ್ ಸ್ಕೇಟಿಂಗ್‌ನ ಮೊದಲ ಹಂತದಲ್ಲಿ ಕೇಳುವುದು ಆಸರೆಯಿಲ್ಲದೆ ಐದು ಸೆಕೆಂಡು ನಿಲ್ಲುವುದು, ಬಿದ್ದರೆ ತಾನೇ ಏಳುವುದು. 2023ರ ಬರ್ಲಿನ್ ಕೂಟದಲ್ಲಿ ಭಾರತ ಗೆದ್ದ 202 ಪದಕಗಳಲ್ಲಿ ರೋಲರ್ ಸ್ಕೇಟಿಂಗ್‌ನವೂ ಸೇರಿವೆ. ಕಾನೂನೂ ಜೊತೆಗಿದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 30ನೆಯ ಕಲಂ ಕ್ರೀಡೆಯಲ್ಲಿ ಭಾಗವಹಿಸುವ ಅವರ ಹಕ್ಕನ್ನು ಗುರುತಿಸಲು ಕ್ರೀಡಾ ಪ್ರಾಧಿಕಾರಗಳಿಗೆ ಹೇಳುತ್ತದೆ.

ಎಚ್ಚರಿಕೆಯೂ ಅಗತ್ಯ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲಿನ ಕೀಲು ಸಡಿಲವಾಗಿರುತ್ತದೆ, ಕೆಲವರಿಗೆ ಹೃದಯದ ತೊಂದರೆ ಇರುತ್ತದೆ. ಸ್ಕೇಟ್ ಕಟ್ಟುವ ಮುನ್ನ ವೈದ್ಯರ ತಪಾಸಣೆ ಆಗಲೇಬೇಕು. ವರ್ತನೆ, ಕಲಿಕೆಯ ವಿಷಯದಲ್ಲಿ ಸಲಹೆ ಬೇಕಿದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ.

ಹಣ ಎಲ್ಲಿಂದ ಎಂದು ಕೇಳಬಹುದು. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾಗಿ ತೆಗೆದಿಡುವ ಹಣವನ್ನು ಕ್ರೀಡಾ ತರಬೇತಿಗೂ ಬಳಸಬಹುದು. ಆದರೆ ಜಾಗ ನಮ್ಮ ಕೈಯಲ್ಲೇ ಇದೆ. ನಮ್ಮ ಶಾಲೆಗಳ ಸಿಮೆಂಟಿನ ಅಂಗಳಗಳು ಸಂಜೆ ಐದರ ಮೇಲೆ ಖಾಲಿ ಬಿದ್ದಿರುತ್ತವೆ. ವಾರಕ್ಕೆ ಎರಡು ಸಂಜೆ ಗೇಟು ತೆರೆದಿಟ್ಟು, ಇಬ್ಬರು ಯುವಕರನ್ನು ಸಹಾಯಕ್ಕೆ ನಿಲ್ಲಿಸಿದರೆ ಆರಂಭಕ್ಕೆ ಅಷ್ಟು ಸಾಕು. ಮಂಚದ ಕೆಳಗಿನ ಆ ಸ್ಕೇಟ್ ಹುಡುಗನ ಪಾದಕ್ಕೆ ಚಿಕ್ಕದಾಗುವ ಮೊದಲು ಯಾರಾದರೂ ಆ ಗೇಟು ತೆರೆಯಲಿ.