ಕೂದಲರಾಯನ ಕಾಲ್‌ಷೀಟು

‘ಲಾಸಾ ಆಪ್ಸೋ ಸಾಕಬೇಕೂಂತಿದ್ದೀನಿ, ಹ್ಯಾಗೆ ಸಾರ್?’ ಅಂತ ದಾವಣಗೆರೆಯ ಓದುಗ ಗೆಳೆಯನೊಬ್ಬ ಕೇಳಿದ್ದಾನೆ. 2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡು ಹೊರಬಂದವರಲ್ಲಿ ನಾನೂ ಒಬ್ಬ. ಆದರೆ ಗೆಳೆಯಾ, ಚಾರ್ಲಿ ಲ್ಯಾಬ್ರಡಾರ್ ಜಾತಿ. ಕರೆದರೆ ಓಡಿ ಬರುತ್ತೆ. ಲಾಸಾ ಕರೆದರೆ ತಿರುಗಿ ನೋಡುತ್ತೆ ಅಷ್ಟೆ. ಬರೋದು ಬಿಡೋದು ಅದರಿಷ್ಟ. ಕಾಲ್‌ಷೀಟು ಕೊಡದ ಹೀರೋ!

ತಪ್ಪು ಅದರದ್ದಲ್ಲ ಸ್ವಾಮಿ. ಹುಟ್ಟೂರು ಟಿಬೆಟ್ಟು. ಬಾಗಿಲ ಹೊರಗೆ ದೈತ್ಯ ಮ್ಯಾಸ್ಟಿಫ್ ಕಾವಲು, ಮನೆ-ಮಠಗಳ ಒಳಗೆ ಈ ಪುಟ್ಟಣ್ಣನ ಕಾವಲು. ಯಾರನ್ನು ನಂಬಬೇಕು ಅಂತ ತಾನೇ ತೀರ್ಮಾನಿಸೋದು ರಕ್ತದಲ್ಲೇ ಬಂದಿದೆ. ಎತ್ತರ 10-11 ಇಂಚು, ತೂಕ 6-8 ಕಿಲೋ. ಪೊಗರು ಮಾತ್ರ ಸಿಂಹದ್ದು. 1933ರಲ್ಲಿ 13ನೇ ದಲಾಯಿ ಲಾಮಾ ಅವರು ಕಟಿಂಗ್ ಎಂಬ ಅಮೆರಿಕನ್ ದಂಪತಿಗೆ ಒಂದು ಜೋಡಿಯನ್ನ ಕೊಟ್ಟಿದ್ದು ಕಾಣಿಕೆಯಾಗಿ, ಮಾರಾಟಕ್ಕಲ್ಲ.

ನನ್ನದೇ ಕಥೆ ಕೇಳಿ. ಪಿಯುಸಿ ಬಿಟ್ಟು ಗಾಂಧಿನಗರ ಸುತ್ತುತ್ತಿದ್ದ ನನ್ನ ವಠಾರದ ರೂಮಿನಲ್ಲಿ, ಊರಿಗೆ ಹೊರಟ ಸಹನಿರ್ದೇಶಕ ಗೆಳೆಯನೊಬ್ಬ ತನ್ನ ಲಾಸಾನ ಬಿಟ್ಟುಹೋದ. ಹೆಸರು ರಾಯ. ದಿನಾ ಮೇಲ್ಮೇಲೆ ಬಾಚಣಿಗೆ ಆಡಿಸಿ ‘ಮೇಕಪ್ ಆಯ್ತು ಹೋಗೋ’ ಅಂತಿದ್ದೆ. ಒಂದು ದಿನ ಎತ್ತಿಕೊಳ್ಳೋಕೆ ಹೋದಾಗ ಕೈ ಕಚ್ಚಿದ. ಸಿಟ್ಟಲ್ಲಿ ಎರಡೇಟು ಬಿಗಿದೆ. ಸೋಪು ನೀರಲ್ಲಿ ಗಾಯ ತೊಳೆದು, ಓಡಿ ಹೋಗಿ ರೇಬೀಸ್ ಸೂಜಿ ಹಾಕಿಸಿಕೊಂಡೆ. ಸಂಜೆ ಪಶುವೈದ್ಯರು ರಾಯನ ಕಂಕುಳ ಗಂಟು ಕತ್ತರಿಸಿದರೆ... ಕೆಳಗೆ ಚರ್ಮ ಕೆಂಪಾಗಿ ಕೀವು ಕಟ್ಟಿತ್ತು! ಎತ್ತಿದಾಗಲೆಲ್ಲ ನೋವು. ಹೇಳೋಕೆ ಮಾತಿಲ್ಲ, ಹಲ್ಲಲ್ಲಿ ಹೇಳಿದ್ದ. ಆ ಎರಡೇಟು ಇವತ್ತಿಗೂ ನನ್ನ ಕೆನ್ನೆ ಮೇಲೇ ಇವೆ.

ಆದ್ದರಿಂದ ಕೇಳು ಗೆಳೆಯಾ. ಬುಡದಿಂದ, ಪದರ ಪದರವಾಗಿ ಬಾಚಬೇಕು. ಕಿವಿ ಹಿಂದೆ, ಕಂಕುಳು, ಹೊಟ್ಟೆ ಕೆಳಗೆ ಮರೀಬೇಡ. ಸ್ನಾನಕ್ಕೆ ಮೊದಲೇ ಸಿಕ್ಕು ಬಿಡಿಸು. ನೀರು ಬಿದ್ದರೆ ಗಂಟು ಇನ್ನೂ ಬಿಗಿಯುತ್ತೆ. ಸ್ನಾನ ಆದಮೇಲೆ ಬುಡದವರೆಗೂ ಒಣಗಿಸು. ಪುರುಸೊತ್ತಿಲ್ಲವೇ? ಕೂದಲು ಗಿಡ್ಡ ಮಾಡಿಸು, ಅವಮಾನ ಏನಿಲ್ಲ. ಬೇಸಿಗೆಯಲ್ಲಿ ಕಾದ ಟಾರು ರಸ್ತೆ ಬೇಡ. ಬೆಳಿಗ್ಗೆ, ಸಂಜೆ ತಂಪಲ್ಲಿ ನಡೆಸು. ಹೊಡೆದರೆ ಕಲಿಯೋಲ್ಲ, ತಿಂಡಿ ತೋರಿಸಿ ದಿನಾ ಐದು ನಿಮಿಷ ಹೇಳಿಕೊಡು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ಮುಟ್ಟಿಸಬೇಡ.

ಮರಿ ಆರಿಸುವಾಗ ತಾಯಿನ ನೋಡದೆ ದುಡ್ಡು ಬಿಚ್ಚಬೇಡ. ಎಂಟು ವಾರ ತುಂಬದ ಮರಿ ಮಾರೋದು 2017ರ ಕಾನೂನಿನ ಪ್ರಕಾರವೇ ತಪ್ಪು. ನೆನಪಿರಲಿ, ಇದು 25 ವಾರದ ಚಿತ್ರ ಅಲ್ಲ; 12-15 ವರ್ಷದ ಓಟ!

ಅಂದ ಹಾಗೆ ರಾಯ? ಕೂದಲು ಬೋಳಿಸಿದ್ದರಿಂದ ಬಾಚೋ ಕೆಲಸವೇ ಇರಲಿಲ್ಲ. ಆದರೂ ದಿನಾ ಬಾಚಣಿಗೆ ಹಿಡಿದು ನೆಲದ ಮೇಲೆ ಕೂರ್ತಿದ್ದೆ. 20 ದಿನ ಮಂಚದ ಕೆಳಗಿಂದಲೇ ನೋಡಿದ. 21ನೇ ದಿನ ತಾನಾಗಿ ಬಂದು ನನ್ನ ತೊಡೆಗೆ ಬೆನ್ನು ಕೊಟ್ಟು ಕೂತ.

ಅಷ್ಟು ಕಾಯೋ ತಾಳ್ಮೆ ಇದ್ದರೆ ಲಾಸಾ ತಗೋ. ಇಲ್ಲಾಂದ್ರೆ ‘ಚಾರ್ಲಿ’ನ ಇನ್ನೊಂದ್ಸಲ ನೋಡು. ಮುಂದಿನ ವಾರ ಸಿಗೋಣ.