ಅಪ್ಪನ ಉಳಿ, ರಾಯಣ್ಣನ ಕತ್ತಿ

ತರುಣರೇ, 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬೆಳಕಿನ ಕತ್ತಿಯ ಹಿಡಿ ಏನೆಂದು ಬಲ್ಲಿರಾ? ಹಳೆಯ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿಕೆ! ಅದರ ನಕಲಿಗೆ ಸಾವಿರಾರು ರೂಪಾಯಿ ಸುರಿಯುತ್ತೀರಿ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದ ಕತ್ತಿಯನ್ನು ಮನೆಯಲ್ಲಿ, ಅಪ್ಪನ ಜೊತೆ ಕೂತು ಒಮ್ಮೆಯಾದರೂ ಮಾಡಿದ್ದೀರಾ?

ಚಿಕ್ಕೋಡಿ ಸೀಮೆಯ ಕಬ್ಬೂರಿನಂಥ ಊರುಗಳಿಂದ ಬೆಂಗಳೂರು ಸೇರಿದವರನ್ನೇ ಕೇಳುತ್ತಿದ್ದೇನೆ. ರಾಯಣ್ಣ ನಿಮ್ಮದೇ ಜಿಲ್ಲೆಯ ವೀರ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದವನು.

ಅಳತೆಗೆ ಕಂಪ್ಯೂಟರ್ ಬೇಡ. ಕತ್ತಿ ಪರದೆಯಲ್ಲಿ ಅಡ್ಡಲಾಗಿ ಪೂರ್ತಿ ಕಾಣುವಲ್ಲಿ ಚಿತ್ರ ನಿಲ್ಲಿಸಿ. ಅದು ನಾಯಕನ ಎಷ್ಟು ಮುಷ್ಟಿ ಉದ್ದವೆಂದು ಎಣಿಸಿ, ನಿಮ್ಮ ಮುಷ್ಟಿಯಲ್ಲಿ ಅಷ್ಟೇ ಅಳೆಯಿರಿ. ಕಬ್ಬಿಣ ಬೇಡವೇ ಬೇಡ. ತೆಳು ಪ್ಲೈವುಡ್ ಸಾಕು, ಅಂಚು ಮೊಂಡಾಗಿರಲಿ. ದೊಡ್ಡಾಟದವರು ಹಗುರ ಮರದ ಕಿರೀಟ, ಭುಜಕೀರ್ತಿಗೆ ಬೇಗಡೆ ಅಂಟಿಸಿ ರಾತ್ರಿಯಿಡೀ ಮೆರೆಯುತ್ತಾರಲ್ಲ, ಅದೇ ವಿದ್ಯೆ.

ಅಪ್ಪ ಬಡಗಿಯೇ ಆಗಬೇಕಿಲ್ಲ. ಉಳಿ ಹಿಡಿದರೆ ಬಾಯಿಂದ ಮಾತು ತಾನಾಗಿ ಬರುತ್ತದೆ: ‘ಗೆರಿ ಉಳಿಸಿ ಕೊಯ್ಯೋ ತಮ್ಮಾ, ಆಮ್ಯಾಲೆ ರಂದಾ ಹೊಡಿಯೂಣು.’ (ರಂದಾ ಪಾರ್ಸಿಯಿಂದ ಬಂದದ್ದು. ಇರಲಿ, ನಮ್ಮವರ ಕೈಯಲ್ಲಿ ಸವೆದು ಕನ್ನಡವೇ ಆಗಿದೆ.) ಈ ಮಾತು ನಿಮ್ಮ ಯಾವ ಪಠ್ಯದಲ್ಲಿತ್ತು? ಅಪ್ಪನ ತಲೆಮಾರು ಹೋದರೆ ಯಾರ ಬಾಯಲ್ಲಿ ಉಳಿಯುತ್ತದೆ? ಪರಭಾಷೆಯ ಬೋರ್ಡಿಗೆ ಮಸಿ ಬಳಿಯುವ ಕೈಗೆ ಉಳಿ ಹಿಡಿಯಲು ಬರುವುದಿಲ್ಲವೇ?

ದೀಪಾವಳಿಗೆ ಬಸ್ಸಿನ ಸೀಟು ಕಾದಿರಿಸುವ ದಿನವೇ ಊರಿಗೆ ಫೋನ್ ಮಾಡಿ: ‘ಅಪ್ಪಾ, ಅಟ್ಟದ ಮ್ಯಾಲಿನ ಉಳಿ, ರಂದಾ ಇಳಿಸಿ ಇಡ್ರಿ, ನಾ ಬರಾಕತ್ತೇನಿ.’