ಪರದೇಶದ ಟ್ರಾಮೂ ನಮ್ಮ ಅಧಿಕಾರಿಗಳೂ

ನಗರವ್ಯವಸ್ಥೆಯನ್ನು ಅಭ್ಯಸಿಸಲು ಸಾರ್ವಜನಿಕರ ವೆಚ್ಚದಲ್ಲಿ ಪರದೇಶಗಳಿಗೆ ತೆರಳುವ ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ: ಬಾಡಿಗೆಯ ಮೋಟಾರನ್ನು ಬಿಟ್ಟು ಅಲ್ಲಿಯ ಜನರೇರುವ ಗಾಡಿಯನ್ನೇರಿರಿ. ವಿಯೆನ್ನಾದ ಸುರಂಗ ರೈಲಿನ ನಿಲ್ದಾಣಗಳಲ್ಲಿ ತಡೆಬಾಗಿಲುಗಳಿಲ್ಲ. ತನಿಖೆಯವರು ಆಗಾಗ ಬರುವರು; ಟಿಕೇಟಿಲ್ಲದವನು ದಂಡ ತೆರುವನು. 2012ರಲ್ಲಿ ಆ ನಗರವು ವರ್ಷದ ಪಾಸಿನ ದರವನ್ನು 365 ಯೂರೋಗಳಿಗೆ ಇಳಿಸಿತು. ದಿನಕ್ಕೆ ಸುಮಾರು ಒಂದು ಯೂರೋ ಆಯಿತು. ಇಂತಹ ಏರ್ಪಾಡು ಬಡವನಿಗೂ ಮುದುಕನಿಗೂ ಎಷ್ಟು ಅನುಕೂಲವೆಂಬುದನ್ನು ಅವರ ಪಕ್ಕದಲ್ಲಿ ಕುಳಿತವನೇ ಬಲ್ಲನು. 1915ರಲ್ಲಿ ದಕ್ಷಿಣ ಆಫ್ರಿಕೆಯಿಂದ ಮರಳಿದ ಗಾಂಧೀಜಿಯವರು ಮೂರನೆಯ ದರ್ಜೆಯಲ್ಲಿ ಸಂಚರಿಸಿಯೇ ಪ್ರಯಾಣಿಕರ ಕಷ್ಟವನ್ನರಿತರು. ಅಲ್ಲಿ ಟ್ರಾಮನ್ನೇರಿದ ಮಹನೀಯರು ಊರಿಗೆ ಬಂದ ಮೇಲೆ ಒಂದು ವಾರವಾದರೂ ನಮ್ಮ ಬಸ್ಸಿನಲ್ಲಿ ನಿಂತು ಕಚೇರಿಗೆ ಹೋಗಲಿ. ವರದಿಯನ್ನು ಆ ಬಳಿಕ ಬರೆಯಲಿ. ನಾವು ಆದರದಿಂದ ಓದುವೆವು.